ಮೃತ್ಯುಪತ್ರದ ಮಾತು

(ಬಾನುಲಿ ಭಾಷಣ)

ಬೀದರ ಜಿಲ್ಲೆಯ ದುಬಲಗುಂಡಿಯಲ್ಲಿ ಒಬ್ಬ ವೃದ್ಧರು ತಮ್ಮ ಕಾಲಾನಂತರ ಹೊಲ ಮನೆಗಳು ಯಾರಿಗೆ ಸೇರಬೇಕೆಂದು ಬರೆಸಹೊರಟರೆ ಆ ಬರಹಕ್ಕೆ ಏನೆಂದು ಹೆಸರಿಡಬೇಕು? 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಅಲ್ಲಿಯ ಕಚೇರಿಗಳ ಭಾಷೆ ಉರ್ದು. ಹಳಬರ ಬಾಯಲ್ಲಿ ಅದು ವಸಿಯತ್‌ನಾಮಾ. ನೆರೆಯ ಮರಾಠಿಗೂ ಉತ್ತರದ ಕನ್ನಡಕ್ಕೂ ಸಮಾನವಾದ ಶಬ್ದ ಮೃತ್ಯುಪತ್ರ. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಕಡೆಯ ಕಾಗದಗಳೊಂದಿಗೆ ಉಯಿಲು ಎಂಬ ಮಾತೂ ಬಂತು. ಇಂಗ್ಲಿಷಿನ ‘ವಿಲ್’ ಶಬ್ದವೇ ಕನ್ನಡದ ನಾಲಗೆಯಲ್ಲಿ ಹೀಗೆ ಉಯಿಲಾಯಿತು. ಹೆಸರುಗಳು ಮೂರಿದ್ದರೂ ಮನೆಯೊಳಗೆ ಒಂದನ್ನೂ ಯಾರೂ ಎತ್ತುವುದಿಲ್ಲ. ಮಗ ಕೇಳಿದರೆ ತಂದೆಯ ಸಾವನ್ನು ಬಯಸಿದ ಹಾಗೆ. ತಂದೆಯೇ ಮಾತು ತೆಗೆದರೆ, ‘ಬಿಡ್ರಿ, ಅಂಥಾ ಮಾತು ಯಾಕ ಆಡ್ತೀರಿ’ ಎಂದು ಮನೆಯವರು ಬಾಯಿ ಮುಚ್ಚಿಸುತ್ತಾರೆ. ಹಾಗೆ ಆಡದೆ ಉಳಿದ ಮಾತನ್ನು ಮುಂದೆ ಎಷ್ಟೋ ವರ್ಷ ವಕೀಲರು ಆಡಬೇಕಾಗುತ್ತದೆ.

ಈ ಸಂಕೋಚಕ್ಕೆ ಸಾವಿನ ಭಯವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ದುಬಲಗುಂಡಿಯ ನೆರೆಯ ಬಸವಕಲ್ಯಾಣವೇ ಚಾಲುಕ್ಯರ ಕಲ್ಯಾಣ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಕ್ಕು ತಂದೆ ತೀರಿಕೊಂಡಾಗ ಹುಟ್ಟುವುದಲ್ಲ, ಮಗ ಹುಟ್ಟಿದಾಗಲೇ ಹುಟ್ಟುವುದು ಎಂಬುದು ಅದರ ಸಿದ್ಧಾಂತ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳು ಶತಮಾನಗಳ ಕಾಲ ಈ ಮಾತಿನಂತೆ ನಡೆದವು. ಹುಟ್ಟಿನಿಂದಲೇ ಸೇರಿಹೋದದ್ದನ್ನು ಸಾಯುವವನು ಹೊಸದಾಗಿ ಕೊಡುವುದೇನು? ಉಯಿಲು ಇಲ್ಲಿ ಬೆಳೆದ ಗಿಡವಲ್ಲ, ಇಂಗ್ಲಿಷರ ನ್ಯಾಯಾಲಯಗಳೊಡನೆ ಬಂದದ್ದು. ಒಂದು ಮಾತನ್ನು ಮಾತ್ರ ನಡುವೆ ಹೇಳಬೇಕು: ವಿಜ್ಞಾನೇಶ್ವರನು ಹೆಂಗಸರನ್ನು ಪೂರ್ತಿ ಮರೆತವನಲ್ಲ. ಮಕ್ಕಳಿಲ್ಲದೆ, ಪಾಲಾಗಿ ಬೇರೆಯಿದ್ದು ತೀರಿಕೊಂಡವನ ಆಸ್ತಿ ಅವನ ಪತ್ನಿಗೆ ಸೇರಬೇಕೆಂದು ಆತ ವಾದಿಸಿದ್ದನು. ಸ್ತ್ರೀಧನದ ಅರ್ಥವನ್ನೂ ಆತ ಸಾಕಷ್ಟು ಹಿಗ್ಗಿಸಿದ್ದನು.

ಹಳೆಯ ಮಿತಾಕ್ಷರ ನ್ಯಾಯದಲ್ಲಿ ಅವಿಭಕ್ತ ಕುಟುಂಬದ ಸದಸ್ಯನು ತನ್ನ ಪಾಲನ್ನು ಉಯಿಲಿನ ಮೂಲಕ ಕೊಡುವಂತಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅದಕ್ಕೆ ಅವಕಾಶವಿತ್ತಿತು. ಆದರೆ ತನ್ನ ಪಾಲಿಗೆ ಮಾತ್ರ. ಎಡವುವುದು ಇಲ್ಲಿಯೇ. ಅಜ್ಜನ ಕಾಲದ ಜಮೀನನ್ನೆಲ್ಲ ‘ನನ್ನದು’ ಎಂದು ಬರೆಸಿ ಗಂಡುಮಕ್ಕಳಿಬ್ಬರಿಗೆ ಹಂಚುವ ತಂದೆ, ತನ್ನದಲ್ಲದ್ದನ್ನೂ ಕೊಟ್ಟಿರುತ್ತಾನೆ. 2005ರ ಸೆಪ್ಟೆಂಬರ್ 9ರಿಂದ ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು. ತಂದೆ ಆ ದಿನ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಕಲ್ಯಾಣದಲ್ಲಿ ಮಗನಿಗೆಂದು ಹೇಳಿದ ಮಾತು ಮಗಳನ್ನು ಮುಟ್ಟಲು ಸುಮಾರು ಒಂಬತ್ತು ಶತಮಾನ ಹಿಡಿಯಿತು. ತಾನೇ ಗಳಿಸಿದ ಆಸ್ತಿಯ ಮಾತು ಬೇರೆ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮುಸ್ಲಿಮರಲ್ಲಿ ವಸಿಯತ್ತಿನ ಮೇರೆಯೇ ಬೇರೆ: ಉತ್ತರಕ್ರಿಯೆಯ ವೆಚ್ಚ, ಸಾಲಗಳು ತೀರಿದ ಮೇಲೆ ಉಳಿದುದರ ಮೂರನೆಯ ಒಂದಂಶಕ್ಕಿಂತ ಹೆಚ್ಚಿನದನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಕೊಡಲಾಗದು.

ಬರೆಯುವ ಕ್ರಮ ಜನ ಭಾವಿಸುವಷ್ಟು ಕಠಿಣವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಸ್ಟಾಂಪ್ ಕಾಗದವನ್ನು ಕೇಳುವುದಿಲ್ಲ, ವಕೀಲರ ಗಡುಸು ಭಾಷೆಯನ್ನೂ ಕೇಳುವುದಿಲ್ಲ. ಬರೆಸಿದವರ ಇಚ್ಛೆ ತಿಳಿಯುವಂತಿದ್ದರೆ ಸಾಕು. ರುಜು ಬಾರದವರು ಹೆಬ್ಬೆಟ್ಟು ಒತ್ತಬಹುದು. ಆದರೆ ಸಾಕ್ಷಿಗಳು ಕನಿಷ್ಠ ಇಬ್ಬರು ಬೇಕು. ಅವರು ರುಜುವಾಗುವುದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೆ ‘ಇದು ನನ್ನದೇ ರುಜು’ ಎಂದು ಬರೆಸಿದವರ ಬಾಯಿಂದ ಕೇಳಿರಬೇಕು; ಬಳಿಕ ಅವರ ಎದುರಿನಲ್ಲಿಯೇ ತಾವೂ ರುಜು ಹಾಕಬೇಕು. ಪತ್ರದ ಕೊನೆಗೆ ‘ಬಿಕ್ಕಲಂ’ ಎಂದು ತನ್ನ ಹೆಸರು ಬರೆಯುವ ಬರಹಗಾರನು ಅಷ್ಟರಿಂದಲೇ ಸಾಕ್ಷಿಯಾಗುವುದಿಲ್ಲ. ಗೌರವಕ್ಕೆಂದು ಊರಿನ ಅತಿ ಹಿರಿಯರನ್ನು ಸಾಕ್ಷಿಗೆ ಕರೆಯುವ ರೂಢಿಯುಂಟು. ಬರೆಸಿದವರಿಗಿಂತ ಮೊದಲೇ ಆ ಹಿರಿಯರು ತೀರಿಕೊಂಡರೆ ಕೋರ್ಟಿನಲ್ಲಿ ನಿಂತು ಹೇಳುವವರು ಯಾರು? ಬದುಕಿರುವ ಸಾಕ್ಷಿಗಳಲ್ಲಿ ಒಬ್ಬನನ್ನಾದರೂ ವಿಚಾರಿಸದೆ ಉಯಿಲು ರುಜುವಾತಾಗದು. ನೋಂದಣಿ ಐಚ್ಛಿಕ. ಅದರಿಂದ ಬಲ ಬರುತ್ತದೆ, ಆದರೆ ನೋಂದಣಿಯಾಯಿತೆಂಬ ಮಾತ್ರಕ್ಕೆ ಸಂಶಯ ನೀಗುವುದಿಲ್ಲ.

ಸಂಶಯದ ಮಾತು ಬಂದಾಗ ಭಾರತದ ಎಲ್ಲ ನ್ಯಾಯಾಲಯಗಳೂ ನೆನೆಯುವ ತೀರ್ಪೊಂದು ನಮ್ಮ ನಾಡಿನಿಂದಲೇ ಹೋದದ್ದು. ಮಹಿಳೆಯೊಬ್ಬರು 1945ರಲ್ಲಿ ಮಾಡಿದರೆನ್ನಲಾದ ಉಯಿಲು. ಮೈಸೂರು ಹೈಕೋರ್ಟು ಅದನ್ನು ಒಪ್ಪಲಿಲ್ಲ. ವೆಂಕಟಾಚಲ ಅಯ್ಯಂಗಾರ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯನ್ನು 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ತೀರ್ಪನ್ನು ಬರೆದವರು, ನಮ್ಮ ಗಜೇಂದ್ರಗಡದ ಹೆಸರನ್ನು ಹೊತ್ತ ನ್ಯಾಯಮೂರ್ತಿ ಗಜೇಂದ್ರಗಡಕರ್. ಬೇರೆ ಪತ್ರಗಳಿಗೂ ಇದಕ್ಕೂ ಇರುವ ಅಂತರವನ್ನು ಅವರು ತೋರಿಸಿದರು. ಉಯಿಲು ಮಾತನಾಡತೊಡಗುವಾಗ ಅದನ್ನು ಬರೆಸಿದವರು ಇರುವುದಿಲ್ಲ. ‘ಇದು ನಿಮ್ಮದೇ ಏನು?’ ಎಂದು ಕೇಳೋಣವೆಂದರೆ ಉತ್ತರಿಸುವವರಿಲ್ಲ. ಆದ್ದರಿಂದ ಅದನ್ನು ಮುಂದಿಡುವವನೇ ನ್ಯಾಯಾಧೀಶರ ಮನಸ್ಸಿನ ಸಂಶಯಗಳನ್ನು ಕಳೆಯಬೇಕು. ರುಜು ನಡುಗಿದಂತಿದೆ, ಬರೆಸಿದವರ ಬುದ್ಧಿ ದುರ್ಬಲವಾಗಿತ್ತು, ಹತ್ತಿರದ ವಾರಸುದಾರರನ್ನು ಕಾರಣವಿಲ್ಲದೆ ಕೈಬಿಡಲಾಗಿದೆ, ಲಾಭ ಪಡೆದವನೇ ಮುಂದೆ ನಿಂತು ಬರೆಸಿದ್ದಾನೆ, ಇವೆಲ್ಲ ಅಂಥ ಸಂಶಯಗಳು. ಮೈಸೂರಿನ ಆ ಉಯಿಲು ಅಲ್ಲಿಯೂ ನಿಲ್ಲಲಿಲ್ಲ.

ಈ ತೀರ್ಪನ್ನು ದುಬಲಗುಂಡಿಯ ಪಡಸಾಲೆಗೆ ತಂದು ನೋಡಿ. ವಿಧವೆಯಾದ ಮುದುಕಿಯೊಬ್ಬಳು ಎಂದಿಟ್ಟುಕೊಳ್ಳಿ. ಆಕೆ ಸ್ವಂತ ಹಣದಿಂದ ಕೊಂಡ ಎರಡು ಎಕರೆ ಹೊಲವಿದೆ. ಹಾಸಿಗೆ ಹಿಡಿದ ನಾಲ್ಕು ವರ್ಷ ನೋಡಿಕೊಂಡವಳು ಮಗಳು. ಒಂದು ಸಂಜೆ ತಮ್ಮನ ಮಗ ಬರೆದು ತಂದ ಕಾಗದಕ್ಕೆ ಆಕೆಯ ಹೆಬ್ಬೆಟ್ಟು ಬೀಳುತ್ತದೆ, ಓದಿ ಹೇಳಿದವರಿಲ್ಲ, ಹೊಲವೆಲ್ಲ ಅವನಿಗೇ. ಇದು ಸಲ್ಲುವುದು ಕಷ್ಟ. ಆದರೆ ಮಗಳಿಗೇ ಕೊಡಬೇಕೆಂದು ಆಕೆ ನಿಜವಾಗಿ ಬಯಸಿ, ಗಂಡುಮಕ್ಕಳನ್ನು ಬಿಟ್ಟದ್ದೇಕೆಂದು ಹೇಳದೆ, ಮಗಳ ಗಂಡನಿಂದಲೇ ಬರೆಸಿದರೆ ಆ ನಿಜವಾದ ಇಚ್ಛೆಯೂ ಅದೇ ಸಂಶಯಕ್ಕೆ ಗುರಿಯಾದೀತು. ‘ಈ ಮಗಳು ನನ್ನನ್ನು ನೋಡಿಕೊಂಡಳು, ಆದ್ದರಿಂದ ಕೊಟ್ಟಿದ್ದೇನೆ’ ಎಂಬ ಒಂದು ಸಾಲು, ಆಕೆಯದೇ ಮಾತಿನಲ್ಲಿ, ಲಾಭವಿಲ್ಲದ ಇಬ್ಬರ ಎದುರಿಗೆ ಓದಿಸಿದ್ದಾದರೆ, ಇಪ್ಪತ್ತು ಪುಟಗಳ ಶಾಸ್ತ್ರೋಕ್ತ ಪತ್ರಕ್ಕಿಂತ ಗಟ್ಟಿ.

ಪ್ರೊಬೇಟು, ಅಂದರೆ ಉಯಿಲಿಗೆ ಕೋರ್ಟಿನ ಮುದ್ರೆ, ಹಿಂದೂಗಳ ಮಟ್ಟಿಗೆ 1925ರ ಕಾಯಿದೆಯಲ್ಲಿ ಕಡ್ಡಾಯವಾಗಿದ್ದುದು ಬಂಗಾಳದ ಕಡೆಗೂ ಮದರಾಸು, ಬೊಂಬಾಯಿ ನಗರಗಳಿಗೂ. ಬೀದರದ ಹೊಲಕ್ಕೆ ಆ ಕಟ್ಟು ಎಂದೂ ಇರಲಿಲ್ಲ. ಪಹಣಿಯಲ್ಲಿ ಹೆಸರು ಏರಿದ್ದೇ ಒಡೆತನವೆಂಬುದು ತಪ್ಪು ತಿಳಿವಳಿಕೆ. ಅದು ಕಂದಾಯದ ಲೆಕ್ಕಕ್ಕೆ. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರೂ ಹಣ ಪಡೆಯುವವರೇ ಹೊರತು ಒಡೆಯರಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಉಯಿಲಿಲ್ಲದಿದ್ದರೆ ಆ ಹಣ ವಾರಸುದಾರರೆಲ್ಲರಿಗೂ ಸೇರಬೇಕಾದದ್ದು.

ವಕೀಲರ ಫೀಜು ಕೊಡಲಾರೆವೆಂದು ಹಿಂಜರಿಯುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಇದೆ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡಗಳವರು ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯಬಹುದು. ದುಬಲಗುಂಡಿಯವರು ಹುಮನಾಬಾದದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿದರಾಯಿತು; ದೂರವಾಣಿಯಲ್ಲಾದರೆ 15100. ಹೋಗುವಾಗ ಪಹಣಿ, ಮರಣ ಪ್ರಮಾಣಪತ್ರ, ಸಿಕ್ಕ ಕಾಗದಗಳೆಲ್ಲದರ ನಕಲು ಕೈಯಲ್ಲಿರಲಿ. ಆ ಸಂಜೆ ಮನೆಯಲ್ಲಿ ಯಾರು ಯಾರು ಇದ್ದರೆಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.