ಒಂದೇ ಮುಗಿಲು, ಎರಡು ಮಣ್ಣು

ಕಲಬುರಗಿ ನಗರದ ಮಗ್ಗುಲಿಗೆ ಶರಣಸಿರಸಗಿ ಇದೆ. ಸುತ್ತ ಎರೆ ಹೊಲ, ಮುಂಗಾರಿ ಹಂಗಾಮಿನಲ್ಲಿ ಕಣ್ಣು ಹಾಯುವಷ್ಟು ದೂರ ತೊಗರಿ. ಅಲ್ಲಿಂದ ನಗರ ದಾಟಿ ಹುಮನಾಬಾದ್ ರಸ್ತೆ ಹಿಡಿದು ಹೋದರೆ ಕಮಲಾಪುರ. ಅಲ್ಲಿ ಕೆಂಪು ಮಣ್ಣು, ದಿನ್ನೆಗಳ ನಡುವಿನ ತಗ್ಗು, ಬಾವಿ ನೀರು, ಊರಿನ ಹೆಸರನ್ನೇ ಹೊತ್ತ ಕೆಂಪು ಬಾಳೆ. ಗೊನೆ ಕೊಡಲು ಒಂದು ವರ್ಷಕ್ಕೂ ಮಿಕ್ಕಿ ಕಾಯಿಸುವ ಬಾಳೆ ಅದು. ಎರಡೂ ಊರಿಗೆ ಬಿಸಿಲು ಒಂದೇ, ಮುಂಗಾರು ಮುಟ್ಟುವ ವಾರವೂ ಹೆಚ್ಚುಕಡಿಮೆ ಒಂದೇ. ಕಲಬುರಗಿ ತೊಗರಿಗೂ ಕಮಲಾಪುರದ ಬಾಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಾಗಾದರೆ ಯಾವ ಬೆಳೆ ಎಲ್ಲಿ ಬರಬೇಕೆಂದು ಗೊತ್ತುಮಾಡುವುದು ಯಾವುದು? ಇದನ್ನು ಲೆಕ್ಕ ಹಾಕಿ ಹೇಳಲು ಹೊರಟವರ ಕತೆ ನನ್ನನ್ನು ಬಹಳ ವರ್ಷಗಳಿಂದ ಹಿಡಿದಿಟ್ಟಿದೆ.

ನಮ್ಮ ಕಡೆ ಈ ಲೆಕ್ಕ ಮಳೆಗಳ ಹೆಸರಿನಲ್ಲೇ ಇತ್ತು. ಮಿರಗ ಕೂಡಿತೇ, ಆರಿದ್ರಾ ಹದವಾಗಿ ಸುರಿಯಿತೇ, ಹೆಸರು ಬಿತ್ತಬೇಕೋ ತೊಗರಿಗೆ ಕಾಯಬೇಕೋ, ಹಿಂಗಾರಿ ಜೋಳಕ್ಕೆ ಎರೆಯೊಳಗೆ ಎಷ್ಟು ತೇವ ಕೂತಿದೆ, ಇವೆಲ್ಲ ಹೊಲದಲ್ಲೇ ತೀರ್ಮಾನವಾಗುತ್ತಿದ್ದವು. ಆ ಲೆಕ್ಕವನ್ನು ಯಾರೂ ನಕಾಶೆ ಮಾಡಲಿಲ್ಲ. ಅದು ನನಗೆ ಇಂದಿಗೂ ಕೊರಗು.

ನಕಾಶೆ ಮಾಡಿದವರು ಬೇರೆ ಕಡೆಯವರು. ಫ್ರಾನ್ಸಿನ ರೆಯೊಮ್ಯೂರ್ ಎಂಬಾತ 1735ರಲ್ಲಿ ದಿನದಿನದ ಶಾಖವನ್ನು ಕೂಡಿಸುತ್ತ ಹೋಗಿ, ಬೆಳೆ ಮಾಗಲು ಇಷ್ಟು ಶಾಖ ಬೇಕು ಎಂದು ತೋರಿಸಿದ. ಆಮೇಲೆ ಬಂದವನು ವ್ಲಾದಿಮಿರ್ ಕೋಪೆನ್. 1846ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವನು. ಅವನ ಮನೆಯವರು ಇದ್ದದ್ದು ದೂರದ ದಕ್ಷಿಣದಲ್ಲಿ, ಕ್ರಿಮಿಯಾದಲ್ಲಿ. ಓದುವ ಹುಡುಗ ಹೋಗಿ ಬರುವಾಗೆಲ್ಲ ದಾರಿಯ ಗಿಡಮರಗಳು ಬದಲಾಗುವುದನ್ನು ನೋಡುತ್ತಿದ್ದ. ಕಾಡು ಮುಗಿದು ಹುಲ್ಲುಗಾವಲು, ಹುಲ್ಲುಗಾವಲು ಮುಗಿದು ಕಡಲ ದಂಡೆಯ ಹಸಿರು. ಹವೆಯನ್ನು ಅಳೆಯಲು ಗಿಡವೇ ಸಾಕು ಎಂದು ಅವನಿಗೆ ಹೊಳೆಯಿತು. 1900ರಲ್ಲಿ ಅವನು ಜಗತ್ತಿನ ಹವೆಯನ್ನು ಸಸ್ಯಗಳ ಪ್ರಕಾರ ವಿಂಗಡಿಸಿ ತೋರಿಸಿದ. ಇಂದಿಗೂ ಶಾಲೆಯ ಭೂಪಟಗಳಲ್ಲಿ ಇರುವುದು ಅದರದೇ ತಿದ್ದಿದ ರೂಪ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1932ರಲ್ಲಿ ಪುಣೆಯಲ್ಲಿ ಎಲ್. ಎ. ರಾಮದಾಸ್ ಅವರ ಮುಂದಾಳತ್ವದಲ್ಲಿ ಕೃಷಿ ಹವಾಮಾನ ವಿಭಾಗ ಶುರುವಾಯಿತು. 1948ರಲ್ಲಿ ಅಮೆರಿಕದ ಥಾರ್ನ್‌ತ್ವೇಟ್ ನೀರಿನ ಜಮಾ-ಖರ್ಚು ಬರೆದ. ಮಳೆ ಬಂದದ್ದೆಷ್ಟು, ಬಿಸಿಲಿಗೆ ಹೋದದ್ದೆಷ್ಟು, ಮಣ್ಣಿನಲ್ಲಿ ಉಳಿದದ್ದೆಷ್ಟು ಎನ್ನುವ ಈ ಲೆಕ್ಕವೇ, ಬೆಳೆ ಎಲ್ಲಿ ಹೇಗೆ ಬಂದೀತೆಂದು ಗಣಿತದಲ್ಲಿ ಅಂದಾಜು ಮಾಡುವ ಇಂದಿನ ಮಾಡೆಲ್‌ಗಳ ಬೆನ್ನೆಲುಬು. 1972ರಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ ಒಣ ನಾಡಿನ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬಂತು. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ಹಂಚಿದರು. ಆಳಂದ, ಚಿಂಚೋಳಿ ಬೀದರಿನ ಜೊತೆ ಪರಿವರ್ತನಾ ವಲಯಕ್ಕೆ ಹೋದವು, ನಾವು ಈಶಾನ್ಯ ಒಣ ವಲಯಕ್ಕೆ. ಕಮಲಾಪುರದ ತೋಟವೂ ಶರಣಸಿರಸಗಿಯ ಎರೆಯೂ ಹೀಗೆ ಒಂದೇ ಪಟ್ಟಿಯಲ್ಲಿ ಕೂತವು.

ಈಗ ನಾನು ನಿಧಾನವಾಗಿ ಹೇಳಬೇಕೆಂದಿರುವ ಹೆಸರು ಸುಲೋಚನಾ ಗಾಡ್ಗೀಳ್. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಓದಿ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಮುಂಗಾರಿನ ಮೋಡಗಳು ಹೇಗೆ ಚಲಿಸುತ್ತವೆ ಎಂದು ಗಣಿತದಲ್ಲಿ ಹಿಡಿದವರು. ಇಷ್ಟು ದೊಡ್ಡ ವಿಜ್ಞಾನಿ ತುಮಕೂರು ಜಿಲ್ಲೆಯ ಪಾವಗಡದ ಶೇಂಗಾ ಹೊಲಕ್ಕೆ ಹೋಗಿ, ನಿಮಗೆ ಏನು ತಿಳಿಯಬೇಕು ಎಂದು ರೈತರನ್ನೇ ಕೇಳಿದರು. ಅವರ ಜೊತೆ ಪಿ. ಆರ್. ಶೇಷಗಿರಿ ರಾವ್ ಇದ್ದರು, ಸ್ವತಃ ಹೊಲ ಮಾಡುವ ವಿಜ್ಞಾನಿ.

ರೈತರು ಕೇಳಿದ್ದು ಸೀದಾ ಪ್ರಶ್ನೆ: ಬಿತ್ತಿಗೆ ಎಂದು? ಶೇಂಗಾ ಗಿಡದ ಬೆಳವಣಿಗೆಯನ್ನು ದಿನದಿನ ಲೆಕ್ಕ ಹಾಕುವ ಪಿನಟ್‌ಗ್ರೋ ಎಂಬ ಮಾಡೆಲ್ ಆಗ ಇತ್ತು. ಅದಕ್ಕೆ ವರ್ಷಾನುವರ್ಷದ ಮಳೆಯ ದಾಖಲೆ ಉಣಿಸಿ, ಬಿತ್ತನೆಯ ದಿನವನ್ನು ಹಿಂದೆ ಮುಂದೆ ಸರಿಸಿ ನೋಡಿದರು. ಜುಲೈ ನಡುಭಾಗ ದಾಟಿ ಬಿತ್ತಿದರೆ ಬೆಳೆ ಕೈಕೊಡುವ ಭಯ ಕಡಿಮೆ ಎಂದು ಕಂಡಿತು. ಕಾಯಿ ತುಂಬುವ ಹೊತ್ತಿಗೆ ಹಿಂಗಡೆಯ ಮಳೆ ಸಿಗಬೇಕಲ್ಲ! ಆದರೆ ಮಾಡೆಲ್‌ಗೆ ಹುಳದ ವಿಷಯ ಗೊತ್ತಿರಲಿಲ್ಲ. ಮಳೆ ಬಿಡುವು ಕೊಟ್ಟು ಬಿಸಿಲು ಕಾದರೆ ಎಲೆಗೆ ಹುಳ ಬೀಳುತ್ತದೆ ಎನ್ನುವುದು ರೈತರಿಗೆ ಗೊತ್ತಿತ್ತು. ಗಾಡ್ಗೀಳ್ ಅವರ ತಂಡ ಆ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದು ಲೆಕ್ಕದೊಳಗೆ ಸೇರಿಸಿತು. ಹೊಲದ ಮಾತು ಗಣಿತದೊಳಗೆ ಮರ್ಯಾದೆಯಿಂದ ಹೋಗಿ ಕೂತಿತು. ಈ ಶಾಸ್ತ್ರದ ಇಡೀ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಪ್ರೀತಿಯ ಪುಟ ಇನ್ನೊಂದಿಲ್ಲ.

ನಮ್ಮ ತೊಗರಿಗೆ ಬರೋಣ. ತೊಗರಿ ಬರೀ ಮಳೆ ನೋಡುವ ಗಿಡವಲ್ಲ, ಹಗಲಿನ ಉದ್ದವನ್ನೂ ನೋಡುತ್ತದೆ. ಹಗಲು ಕಿರಿದಾಗುತ್ತ ಬಂದಾಗ ಹೂವಿಗೆ ತಿರುಗುತ್ತದೆ. ಆಳಕ್ಕೆ ಬೇರು ಬಿಟ್ಟು, ಮಳೆ ನಿಂತ ಮೇಲೂ ಎರೆಯ ತೇವ ಕುಡಿದು ಕಾಯಿ ಕಟ್ಟುತ್ತದೆ. ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುವಾಗ ತೊಗರಿ ಕೊಯ್ಲಿನ ಹೊಸ್ತಿಲಿಗೆ ಬಂದಿರುತ್ತದೆ.

ಹವೆ ಒಪ್ಪಿತು, ಮಣ್ಣೂ ಒಪ್ಪಿತು, ಆದರೂ ಹೊಲ ಖಾಲಿಯಾದದ್ದುಂಟು. ನೆಟೆ ರೋಗ ಅಂಥದು. ಒಣಗಿದ ಗಿಡವನ್ನು ಕಿತ್ತು ಕಾಂಡ ಸೀಳಿ ನೋಡಿ, ಒಳಗೆ ಉದ್ದಕ್ಕೆ ಕರಿ ಗೆರೆ ಇರುತ್ತದೆ. ಮಣ್ಣಿನಲ್ಲೇ ಕಾದಿರುವ ಫ್ಯುಸೇರಿಯಂ ಶಿಲೀಂಧ್ರ ನೀರಿನ ದಾರಿಯನ್ನೇ ಕಟ್ಟಿಬಿಡುತ್ತದೆ. 1986ರಲ್ಲಿ ಇದನ್ನು ತಡೆಯುವ ಮಾರುತಿ ತಳಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ನೆಟೆಗೆ ಸೋತು ಕೈಬಿಟ್ಟ ಹೊಲಗಳಿಗೆ ತೊಗರಿ ಮರಳಲು ದಾರಿಯಾಯಿತು. ಹವೆಯಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲದೆ ಬೆಳೆಯ ನಕಾಶೆ ಬದಲಾಗುವುದು ಹೀಗೆ. ಮತ್ತೆ 2022ರಲ್ಲಿ ಮಳೆ ವಿಪರೀತವಾಗಿ ಎರೆಯಲ್ಲಿ ನೀರು ನಿಂತು, ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಗಿಡ ನಿಂತಲ್ಲೇ ಒಣಗಿತು. ಬರದ ನಾಡು ಎಂದು ಬರೆಸಿಕೊಂಡ ನಮಗೆ ಅತಿಮಳೆಯ ಲೆಕ್ಕವೂ ಬೇಕಾಗಿದೆ.

ಈಗಿನ ಮಾಡೆಲ್‌ಗಳು ನೂರಾರು ಬೆಳೆಗಳನ್ನು ಜಗತ್ತಿನ ತುಂಬ ಇಟ್ಟು ನೋಡುತ್ತವೆ, ಶಾಖ ಎರಡು ಡಿಗ್ರಿ ಏರಿದರೆ ಯಾವುದು ಎತ್ತ ಸರಿಯುತ್ತದೆ ಎಂದು ಬಣ್ಣ ಬಳಿದು ತೋರಿಸುತ್ತವೆ. ಅವುಗಳ ಹಿಂದಿನ ದುಡಿಮೆಗೆ ನಾನು ತಲೆಬಾಗುತ್ತೇನೆ. ಆದರೆ ನೆಲವನ್ನು ಹಂಚಿ ಲೆಕ್ಕ ಹಾಕುವ ಚೌಕಗಳ ಅಳತೆ ನೋಡಿ. ಭಾರತೀಯ ಹವಾಮಾನ ಇಲಾಖೆಯ ಮಳೆ ದಾಖಲೆಯ ಒಂದು ಚೌಕ ಸುಮಾರು 27 ಕಿಲೋಮೀಟರ್ ಅಗಲ. ತಾಪಮಾನದ ಚೌಕ ನೂರು ಕಿಲೋಮೀಟರ್ ಮೀರುತ್ತದೆ. ಅಷ್ಟು ಅಗಲದ ಚೌಕದಲ್ಲಿ ಕಮಲಾಪುರದ ಒಂದು ತಗ್ಗು ಎಲ್ಲಿ ಕಂಡೀತು? ಚೌಕದ ಸರಾಸರಿಯನ್ನು ಕೇಳಿದರೆ, ಕೆಂಪು ಬಾಳೆಗೆ ಇಲ್ಲಿ ಜಾಗವಿಲ್ಲ ಎಂದೇ ಹೇಳಬಹುದು. ಬಾಳೆ ಮಾತ್ರ ಅಲ್ಲಿ ಬೆಳೆಯುತ್ತಲೇ ಇದೆ.

ಒಳ್ಳೆಯ ಸುದ್ದಿಯೂ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕಗಳನ್ನು ತಂದಿದೆ. ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಳೆಯ ಮುನ್ಸೂಚನೆ ಹೇಳುತ್ತಾರೆ. ಪಾವಗಡದ ಶೇಂಗಾಕ್ಕೆ ಆದ ಕೆಲಸ ನಮ್ಮ ತೊಗರಿಗೂ ಆಗಬೇಕು ಎಂಬುದು ನನ್ನ ಆಸೆ. ಎರೆಯಲ್ಲಿ ಎಷ್ಟು ದಿನ ನೀರು ನಿಂತರೆ ಬೇರು ಉಸಿರು ಕಟ್ಟುತ್ತದೆ, ಹೂವಿನ ಕಾಲಕ್ಕೆ ಮಂಜು ಬಿದ್ದರೆ ಎಷ್ಟು ಉದುರುತ್ತದೆ, ತೊಗರಿಯ ಸಾಲಿನ ನಡುವೆ ಹೆಸರು ಹಾಕಿದ ವರ್ಷ ನಷ್ಟ ಎಷ್ಟು ತಗ್ಗಿತು? ಶರಣಸಿರಸಗಿಯಲ್ಲೋ ಕಮಲಾಪುರದಲ್ಲೋ ಮಳೆ, ಬಿತ್ತಿಗೆ, ಇಳುವರಿ ಬರೆದಿಟ್ಟ ಹಳೆಯ ವಹಿ ನಿಮ್ಮ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ.