ವಸ್ತಿ ಬಸ್ಸಿನ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ—ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರು ಇತಿಹಾಸದಲ್ಲಿದೆ, ಪುರಾಣದಲ್ಲಿದೆ, ಅರಳೆಯ ಪೇಟೆಯ ಧಾರಣೆಯಲ್ಲಿಯೂ ಇದೆ; ರೈಲಿನ ವೇಳಾಪಟ್ಟಿಯಲ್ಲಿ ಮಾತ್ರ ಇಲ್ಲ. ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ರೈಲುಮಾರ್ಗಕ್ಕೆ ಒಪ್ಪಿಗೆ ದೊರೆತಿದೆಯಾದರೂ ನಮ್ಮ ಜನ ಇಂದಿಗೂ ನೆಚ್ಚಿರುವುದು ಬಸ್ಸನ್ನೇ. ಆದ್ದರಿಂದ ‘ಬಸ್ಸಿನ ವ್ಯವಹಾರದಲ್ಲಿ ಹೊಸ ಹಾದಿಗಳು’ ಎಂಬ ವಿಷಯವನ್ನು ಬಾನುಲಿಯ ಮಿತ್ರರು ನನಗೆ ಒಪ್ಪಿಸಿದಾಗ, ಅರ್ಥಶಾಸ್ತ್ರ ಓದದವನಾದರೂ ನಾನು ಹಿಂಜರಿಯಲಿಲ್ಲ. ಐವತ್ತು ವರ್ಷ ಕಿಡಕಿಯ ಪಕ್ಕದಲ್ಲಿ ಕುಳಿತವನಿಗೆ ಅಷ್ಟು ಅಧಿಕಾರ ಬೇಡವೆ?

ನನ್ನ ತಂದೆಯವರ ಕಾಲದ ಖಾಸಗಿ ಬಸ್ಸುಗಳಿಗೆ ಒಂದೇ ನಿಯಮವಿತ್ತಂತೆ: ತುಂಬಿದ ಮೇಲೆ ಹೊರಡುವುದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದ ಬಸ್ಸುಗಳ ಕಥೆಯನ್ನು ಅವರು ನಗುನಗುತ್ತ ಹೇಳುತ್ತಿದ್ದರು. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. 1948ರ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ ಆ ಸರ್ಕಾರದ ಮೊದಲ ಬಸ್ಸು ಓಡಿತು, ‘ಎಸ್.ಟಿ.’ ಎಂಬ ಎರಡಕ್ಷರ ನಮ್ಮ ಹಳ್ಳಿಗಳ ನಾಲಗೆಗೂ ಬಂತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1961ರಲ್ಲಿ ಆ ರಾಜ್ಯದ ಸಾರಿಗೆ ನಿಗಮ ಹುಟ್ಟಿತು, 1997ರಲ್ಲಿ ಅದರ ನಮ್ಮ ಭಾಗ ಬೇರೆಯಾಗಿ ಹುಬ್ಬಳ್ಳಿಯಲ್ಲಿ ವಾಯವ್ಯ ಸಾರಿಗೆಯಾಯಿತು. ಹೆಸರು ಬದಲಾದರೂ ತತ್ತ್ವ ಒಂದೇ ಉಳಿಯಿತು: ಬಸ್ಸು ತುಂಬಲಿ ಬಿಡಲಿ, ಹೊತ್ತಿಗೆ ಹೊರಡಬೇಕು, ತುಂಬುವ ದಾರಿಯ ಗಳಿಕೆಯಿಂದ ತುಂಬದ ದಾರಿಯ ನಷ್ಟವನ್ನು ಹೊರಬೇಕು.

ಈ ತತ್ತ್ವದೊಳಗಿನ ಒಂದು ಜಾಣತನಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ನಮ್ಮ ಕಡೆ ಅದನ್ನು ‘ವಸ್ತಿ ಬಸ್ಸು’ ಎನ್ನುತ್ತಾರೆ. ರಾತ್ರಿಯ ಕೊನೆಯ ಬಸ್ಸು ಹಳ್ಳಿಗೆ ಬಂದು ಅಲ್ಲಿಯೇ ತಂಗುತ್ತದೆ. ನಸುಕಿನಲ್ಲಿ ಅಲ್ಲಿಂದಲೇ ಹೊರಡುತ್ತದೆ. ಹಳ್ಳಿ ಡಿಪೊದಿಂದ 25 ಕಿಲೋಮೀಟರು ಎನ್ನಿ. ಬಸ್ಸು ರಾತ್ರಿ ಡಿಪೊಗೆ ಮರಳಿ ಬೆಳಗಿನಲ್ಲಿ ಮತ್ತೆ ಹೋಗಬೇಕಾದರೆ ದಿನಕ್ಕೆ 50 ಕಿಲೋಮೀಟರು ಡೀಸೆಲು ಹೆಚ್ಚುಕಡಿಮೆ ಬರಿದೆ ಸುಡುತ್ತದೆ. ಆ ಅಪರಾತ್ರಿಯಲ್ಲಿ ಹಳ್ಳಿಯಿಂದ ಪೇಟೆಗೆ ಹೋಗುವವರಾರು? ವಸ್ತಿಯಿಂದ ಆ ಖರ್ಚು ಉಳಿಯಿತು. ಪೇಟೆ ಮುಗಿಸಿದ ರೈತನಿಗೆ ಊರು ಸಿಕ್ಕಿತು, ಕಾಲೇಜಿನ ಹುಡುಗಿಗೆ ಬೆಳಗಿನ ಮೊದಲ ಪಾಠ ಸಿಕ್ಕಿತು. ಇದಕ್ಕೆಲ್ಲ ಬಂಡವಾಳವೆಂದರೆ ಗುಡಿಯ ಕಟ್ಟೆ, ಎರಡು ಕಂಬಳಿ, ಯಾರದೋ ಮನೆಯ ಬಿಸಿ ರೊಟ್ಟಿ. ಡ್ರೈವರ್ ಕಂಡಕ್ಟರರ ನಿದ್ದೆಯ ಬೆಲೆಯನ್ನು ಮಾತ್ರ ಈ ಲೆಕ್ಕದಲ್ಲಿ ಯಾರೂ ಹಿಡಿದಿಲ್ಲವೆಂಬುದು ನನ್ನ ತಕರಾರು. ಸೊಳ್ಳೆಗೂ ಮಳೆಗೂ ಮೈಯೊಡ್ಡಿ ಮಲಗಿದವನೇ ಬೆಳಗಿನಲ್ಲಿ ಐವತ್ತು ಜೀವಗಳನ್ನು ಹೊತ್ತು ನಡೆಸಬೇಕು.

ಇದೇ ಬಸ್ಸುಗಳು 1970ರ ದಶಕದಲ್ಲಿ ನನ್ನ ಹೊಟ್ಟೆಯನ್ನೂ ನಡೆಸಿದವು. ನಾನು ಧಾರವಾಡದಲ್ಲಿ ಓದುತ್ತಿದ್ದೆ. ರಾಮದುರ್ಗದ ಕಡೆಯಿಂದ ಸವದತ್ತಿಯ ಮೇಲೆ ಬರುವ ಬಸ್ಸಿನಲ್ಲಿ ಅವ್ವ ಬುತ್ತಿ ಕಳಿಸುತ್ತಿದ್ದಳು: ಕಟಿಕ ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯ. ರಸೀದಿಯಿಲ್ಲ, ಹಾಸಲಿಲ್ಲ, ಬೇವಿನ ಗಿಡದ ಕೆಳಗೆ ಕೈಮಾಡಿ ಕಂಡಕ್ಟರರ ಕೈಗೆ ಗಂಟು ಕೊಟ್ಟರಾಯಿತು. ನಿಲ್ದಾಣದಲ್ಲಿ ನಾವು ಹುಡುಗರು ಅರಿವೆಯ ಬಣ್ಣ ನೋಡಿ ನಮ್ಮ ನಮ್ಮ ಗಂಟು ಎತ್ತಿಕೊಳ್ಳುತ್ತಿದ್ದೆವು.

ಒಂದು ಸಂಜೆ ನನ್ನ ಕೈಗೆ ಬೇರೆಯವರ ಗಂಟು ಬಂತು. ಹಸಿವು, ಬಿಚ್ಚಿ ಉಂಡುಬಿಟ್ಟೆ. ರೊಟ್ಟಿಯ ತಳದಲ್ಲಿ ಮಡಿಸಿದ ಹತ್ತು ರೂಪಾಯಿ ಇತ್ತು, ಜೊತೆಗೆ ‘ಪರೀಕ್ಷೆಯ ಫೀಸಿಗೆ’ ಎಂದು ಬರೆದ ಚೀಟಿ. ಮರುದಿನವೇ ಮರಳಿಸಬೇಕಿತ್ತು. ಮೂರು ದಿನ ಸುಮ್ಮನಿದ್ದೆ. ಅದರಲ್ಲಿ ಎರಡು ರೂಪಾಯಿ ಖರ್ಚೂ ಮಾಡಿದೆ. ನಾಲ್ಕನೆಯ ದಿನ ಕಂಡಕ್ಟರರ ಮುಂದೆ ತಲೆ ತಗ್ಗಿಸಿ ನಿಂತು ಹೇಳಿದಾಗ ಅವರು ಬೈಯಲಿಲ್ಲ. “ಆ ಹುಡುಗ ದಿನಾ ಬಂದು ಕೇಳಿ ಹೋಗತಾನಪಾ” ಎಂದರು. ಉಳಿದ ಎಂಟಕ್ಕೆ ತಮ್ಮ ಅಂಗಿಯ ಜೇಬಿನಿಂದ ಎರಡು ಸೇರಿಸಿ ಒಯ್ದರು. ಆ ಎರಡು ರೂಪಾಯಿಯನ್ನು ಮುಂದಿನ ತಿಂಗಳು ಕೊಡಹೋದಾಗ ಅವರು ಬೇರೆ ದಾರಿಗೆ ವರ್ಗವಾಗಿದ್ದರು.

2021ರಲ್ಲಿ ನಮ್ಮ ಸಾರಿಗೆ ನಿಗಮಗಳು ‘ನಮ್ಮ ಕಾರ್ಗೋ’ ಎಂದು ಪಾರ್ಸೆಲ್ ಸಾಗಣೆಯ ವ್ಯವಸ್ಥೆ ಮಾಡಿದವು. ತೂಕವಿದೆ, ದರವಿದೆ, ರಸೀದಿಯಿದೆ. ಹೇಗೂ ಓಡುವ ಬಸ್ಸಿನ ಹೊಟ್ಟೆಯಲ್ಲಿ ಖಾಲಿ ಉಳಿದ ಜಾಗವನ್ನು ದುಡಿಸುವುದು ಒಳ್ಳೆಯ ವ್ಯಾಪಾರ. ನನ್ನಂಥವನು ಪರರ ಫೀಸು ಉಣ್ಣುವ ಪ್ರಸಂಗವೂ ತಪ್ಪಿತು. ಹಳೆಯದಕ್ಕಾಗಿ ಕಣ್ಣೀರಿಡುವವನು ನಾನಲ್ಲ. ಆದರೆ ಆ ರಸೀದಿ ಬೇವಿನ ಗಿಡದ ಕೆಳಗೆ ಸಿಗುವುದಿಲ್ಲ.

ಖಾಸಗಿಯವರೂ ಸುಮ್ಮನೆ ಕೂತಿಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ತೊಡಗಿ 1996ರಲ್ಲಿ ಬಸ್ಸಿಗೂ ಕೈಹಾಕಿದರು. ಫಣೀಂದ್ರ ಸಾಮ ಎಂಬ ತರುಣ ಎಂಜಿನಿಯರು 2005ರ ದೀಪಾವಳಿಗೆ ಊರಿಗೆ ಹೋಗಲು ಟಿಕೀಟು ಸಿಗದೆ ಬೆಂಗಳೂರಿನಲ್ಲಿ ಉಳಿಯಬೇಕಾಯಿತು. ಮರುವರ್ಷ ಇಬ್ಬರು ಗೆಳೆಯರೊಡನೆ ‘ರೆಡ್‌ಬಸ್’ ಕಟ್ಟಿದರು. ತಮ್ಮದೊಂದು ಬಸ್ಸೂ ಇಲ್ಲದೆ ಪರರ ಬಸ್ಸಿನ ಆಸನಗಳನ್ನು ಮಾರಿದ್ದು ಅದರ ಸೊಗಸು. ಈಗ ಬೆಂಗಳೂರಿನ ಮಲಗುವ ಬಸ್ಸಿಗೆ ಕಿತ್ತೂರಿನ ಹುಡುಗ ಮನೆಯಲ್ಲಿ ಕುಳಿತೇ ಜಾಗ ಹಿಡಿಯುತ್ತಾನೆ. ಆದರೆ ಹಬ್ಬ ಬಂತೆಂದರೆ ಅದೇ ಜಾಗದ ದರ ಏರುತ್ತದೆ. ಮತ್ತೆ, ಆ ಬಸ್ಸು ಹೆದ್ದಾರಿಯ ಮೇಲೆ ಅವನನ್ನು ಇಳಿಸಿ ಹೊರಟುಹೋಗುತ್ತದೆ. ಮುಂದೆ ಬೈಲಹೊಂಗಲದ ಕಡೆಯ ಹಳ್ಳಿಗೆ ಹೋಗಬೇಕಾದವನು ಕೆಂಪು ಬಸ್ಸನ್ನೋ ಕ್ರೂಸರನ್ನೋ ಕಾಯಬೇಕು. ಮಲೆನಾಡಿನ ಕೊಪ್ಪದಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು 1991ರಲ್ಲಿ ತಾವೇ ಒಡೆಯರಾಗಿ ‘ಸಹಕಾರ ಸಾರಿಗೆ’ ನಡೆಸಿದರು. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿದ ಪ್ರಯೋಗ ಅದು, 2020ರಲ್ಲಿ ನಿಂತುಹೋಯಿತು.

ಎಲ್ಲಕ್ಕಿಂತ ಹೊಸದು 2023ರ ಜೂನ್ 11ರಂದು ಬಂದ ‘ಶಕ್ತಿ’. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಹಾಸಲಿಲ್ಲ. ಕೈಗೆ ಬರುವುದು ಶೂನ್ಯ ಟಿಕೀಟು. ಕಳೆದ ಭಾರತ ಹುಣ್ಣಿಮೆಯ ಮುನ್ನಾದಿನ ನಾನು ಬೈಲಹೊಂಗಲದಿಂದ ಸವದತ್ತಿಗೆ ಹೊರಟಿದ್ದೆ. ಬಸ್ಸಿನ ತುಂಬ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು. ಭಂಡಾರದ ವಾಸನೆ, ‘ಉಧೋ ಉಧೋ’ ಕೂಗು. ನನ್ನ ಮುಂದಿನ ಮುದುಕಿಗೆ ಒಂದು ಕಳವಳ. “ರೊಕ್ಕಾ ಕೊಡದ ಹೋದ್ರ ತಾಯಿಗೆ ಒಪ್ಪತೈತೇನಪಾ?” ಎಂದು ಸೆರಗಿನ ಗಂಟು ಬಿಚ್ಚಿ ನೋಟು ನೀಡಿದಳು. ಕಂಡಕ್ಟರ್ ಅವಳ ಕೈ ಸರಿಸಿದ. “ರೊಕ್ಕ ಹುಂಡಿಗೆ ಹಾಕಬೇ ಯವ್ವಾ. ಈ ಚೀಟಿ ಕಳೀಬ್ಯಾಡ. ಇದರ ಮ್ಯಾಗ ಸರ್ಕಾರದಿಂದ ನಮಗ ರೊಕ್ಕ ಬರಬೇಕು.”

ಹೊಸ ವ್ಯಾಪಾರದ ಗುಟ್ಟು ಆ ಮಾತಿನಲ್ಲಿದೆ. ಪ್ರಯಾಣಿಸುವವಳು ಒಬ್ಬಳು, ಹಣ ತೆರುವವರು ಇನ್ನೊಬ್ಬರು. ನಡುವೆ ಶೂನ್ಯವೆಂದು ಅಚ್ಚಾದ ಚೀಟಿಯೇ ನಿಗಮದ ಹುಂಡಿ. ಸರ್ಕಾರ ಹೊತ್ತಿಗೆ ಸರಿಯಾಗಿ ತೆತ್ತರೆ ಲೆಕ್ಕ ಕೂಡುತ್ತದೆ. ತಡಮಾಡಿದರೆ ಟೈರಿಗೂ ಡೀಸೆಲಿಗೂ ಸಾಲ ಮಾಡಬೇಕಾಗುತ್ತದೆ. ನೂಕುನುಗ್ಗಲು ಹೆಚ್ಚಿದೆಯೆಂದು ಗೊಣಗುವ ಗಂಡಸರಲ್ಲಿ ನಾನೂ ಒಬ್ಬನಾಗಿದ್ದೆ. ಮುದುಕಿಯನ್ನು ಕೇಳಿದೆ: “ಮೊದಲೂ ಗುಡ್ಡಕ್ಕ ಬರತಿದ್ದಿಯೇನಬೇ?”

“ಮಗಾ ಕರಕೊಂಡ ಹೋದ್ರ ಬರತಿದ್ದೆ” ಎಂದಳು. “ಈಗ ನಾನಽ ಬರತೀನಿ.”

ನಾನು ಎದ್ದು ಅವಳ ಪಕ್ಕದಲ್ಲಿ ನಿಂತಿದ್ದ ಬಾಣಂತಿಗೆ ಜಾಗ ಬಿಟ್ಟೆ. ಕಂಡಕ್ಟರ್ ಹಿಂದಿನಿಂದ ಎಣಿಸುತ್ತ ಬಂದ. ಅರವತ್ತಕ್ಕೆ ಮಿಕ್ಕಿದ ಆ ಬಸ್ಸಿನಲ್ಲಿ ರೊಕ್ಕ ಎಣಿಸಿ ಕೊಟ್ಟವರು ನಾವು ಒಂಬತ್ತೇ ಜನ. ನನಗೆ ಬರಬೇಕಾದ ಎರಡು ರೂಪಾಯಿ ಚಿಲ್ಲರೆ ಅವನ ಚೀಲದಲ್ಲಿರಲಿಲ್ಲ. ಇಳಿಯುವಾಗ ಕೊಡುತ್ತೇನೆಂದು ಟಿಕೀಟಿನ ಬೆನ್ನಿಗೆ ಬರೆದ. ಇಳಿಯುವಾಗ ನಾನು ಕೇಳಲಿಲ್ಲ.