ಮಾವನ ಕಬ್ಬಿನ ಚೀಟಿ, ಜಾವಾಸ್ಕ್ರಿಪ್ಟ್‌ನ ತಾರೀಖು

ಮದ್ದೂರು ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ ಇರೋರು, ಮಂಡ್ಯದ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರು, ಎಲ್ರಿಗೂ ಸ್ವಾಗತ. ಇವತ್ತಿನ ಪ್ರಶ್ನೆ ಸಣ್ಣದು. 05/08/2023 ಅಂದ್ರೆ ಯಾವ ದಿನ?

ಆಗಸ್ಟ್ 5 ಅಂದ್ರಿ ಅಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ.

ಮಳವಳ್ಳಿ ಕಡೆ ನಮ್ಮ ಮಾವ ಕಬ್ಬು ಬೆಳೀತಾರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ, ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದ್ರೆ ವರ್ಷಕ್ಕೆ ಶೇ. 15 ಬಡ್ಡಿ. ನಾನು ಬಿ.ಕಾಂ. ಓದಿದವನು, ಜೊತೆಗೆ ಯೂಟ್ಯೂಬ್ ನೋಡಿ ಕೋಡಿಂಗ್ ಕಲಿತವನು. ಮಾವನ ತೂಕದ ಚೀಟಿಗಳನ್ನೆಲ್ಲ ಹಾಕಿ ಬಡ್ಡಿ ಲೆಕ್ಕ ತೆಗೆಯೋ ಪುಟ್ಟ ಪ್ರೋಗ್ರಾಂ ಬರೆದೆ, ಜಾವಾಸ್ಕ್ರಿಪ್ಟ್‌ನಲ್ಲಿ.

ಒಂದು ಚೀಟಿ 50,000 ರೂಪಾಯಿದು. ದುಡ್ಡು ಬಂದಿದ್ದು ಸೆಪ್ಟೆಂಬರ್ 1ಕ್ಕೆ. ಪ್ರೋಗ್ರಾಂ ಹೇಳ್ತು: 102 ದಿನ ತಡ, ಬಡ್ಡಿ 2,096 ರೂಪಾಯಿ. ನನಗೋ ಖುಷಿ. ಪ್ರಿಂಟ್ ತೆಗೆದು ಕೊಟ್ಟೆ. ಮಾವ ಕನ್ನಡಕ ಏರಿಸಿ ನೋಡಿ ಕೇಳಿದ್ರು, "ಲೋ ಮಗ, ಮೇ ತಿಂಗಳಲ್ಲಿ ನಾನ್ಯಾವಾಗ್ಲಾ ಕಬ್ಬು ಕಡಿಸ್ದೆ? ಇದ್ನ ಹಿಡ್ಕೊಂಡು ಹೋಗಿದ್ರೆ ಆಫೀಸ್ನೋರು ನನ್ನ ಸುಳ್ಳ ಅಂತಿರ್ಲಿಲ್ವಾ?"

ಆಗಿದ್ದಿಷ್ಟೇ. ಬ್ರೌಸರ್ 05/08 ಅನ್ನೋದನ್ನ ಅಮೆರಿಕದವರ ರೀತಿ ಓದಿತ್ತು, ಮೇ 8 ಅಂತ. ಸರಿಯಾದ ಲೆಕ್ಕ: ಆಗಸ್ಟ್ 19ಕ್ಕೆ ಗಡುವು, 13 ದಿನ ತಡ, ಬಡ್ಡಿ 267 ರೂಪಾಯಿ. ಇನ್ನೂ ತಮಾಷೆ ಕೇಳಿ. 13ನೇ ತಾರೀಖಿನಿಂದಾಚೆ ಇದ್ದ ಚೀಟಿಗಳಿಗೆ "ಇನ್‌ವ್ಯಾಲಿಡ್ ಡೇಟ್" ಅಂತ ಬಂದಿತ್ತು, ಯಾಕಂದ್ರೆ 13ನೇ ತಿಂಗಳು ಇಲ್ವಲ್ಲ. ಅವನ್ನ ಟೈಪಿಂಗ್ ತಪ್ಪು ಅಂತ ನಾನು ಪಕ್ಕಕ್ಕಿಟ್ಟಿದ್ದೆ. ನಿಜ ಹೇಳಿದ್ದು ಅವೇ. ಸದ್ದಿಲ್ಲದೆ ತಪ್ಪಾದವನ್ನ ನಂಬಿದ್ದೆ.

ಸರಿ ಅಂತ ದಿನ, ತಿಂಗಳು, ವರ್ಷ ಮೂರನ್ನೂ ಬಿಡಿಸಿ ಕೊಟ್ಟೆ. ಈಗ ಆಗಸ್ಟ್ 19ರ ಗಡುವು ಆಗಸ್ಟ್ 18 ಅಂತ ಬಂತು! ಇದು ನಮ್ಮ ಐದೂವರೆ ಗಂಟೆಯ ಕಾಟ. ಜಾವಾಸ್ಕ್ರಿಪ್ಟ್‌ನ ಹಳೇ ಡೇಟ್‌ಗೆ ಬರೀ ದಿನ ಅನ್ನೋದು ಗೊತ್ತೇ ಇಲ್ಲ. ಅದಕ್ಕೆ ಗಂಟೆ, ನಿಮಿಷ ಬೇಕೇ ಬೇಕು. ನಮ್ಮ ಮಧ್ಯರಾತ್ರಿ 12 ಗಂಟೆ ಅಂದ್ರೆ ಯುಟಿಸಿ, ಅಂದ್ರೆ ವಿಶ್ವಸಮಯದಲ್ಲಿ, ಹಿಂದಿನ ದಿನ ಸಂಜೆ 6:30. ನಾನು ಉತ್ತರವನ್ನ ಯುಟಿಸಿಯಲ್ಲಿ ಬರೆಸಿದ್ದೆ. ಒಂದು ದಿನ ಹಿಂದಕ್ಕೆ ಹೋಯ್ತು.

ಇದು ಭಾಷೆ ಜೊತೆಗೇ ಬರೋ ಸಾಮಾನು, ಸ್ಟ್ಯಾಂಡರ್ಡ್ ಲೈಬ್ರರಿ. ಯಾಕೆ ಹೀಗೆ? 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಕಟ್ಟಿದ್ರು. ತಾರೀಖಿನ ಭಾಗವನ್ನ ಆಗಿನ ಜಾವಾದಿಂದ ಎತ್ಕೊಂಡ್ರು. ಜಾವಾ 2014ರಲ್ಲಿ ಹೊಸ ವ್ಯವಸ್ಥೆ ತಂತು. ಜಾವಾಸ್ಕ್ರಿಪ್ಟ್ ಹಳೇದನ್ನೇ ಎಳ್ಕೊಂಡು ಬಂತು.

ನೇರವಾಗಿ ಸರಿಮಾಡಬಹುದಿತ್ತಲ್ಲ? ಆಗಲ್ಲ. ಆ ತಪ್ಪನ್ನೇ ನಂಬ್ಕೊಂಡು ಲೆಕ್ಕವಿಲ್ಲದಷ್ಟು ವೆಬ್‌ಸೈಟ್ ನಡೀತಿವೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿ ನೆನೆಸ್ಕೊಳ್ಳಿ. ಮಂಡ್ಯ ಪೇಟೆಯೊಳಗಿನ ಹಳೇ ರಸ್ತೆ ಕಿತ್ತು ಹಾಕಲಿಲ್ಲ, ಪಕ್ಕದಲ್ಲಿ ಬೈಪಾಸ್ ಹಾಕಿದ್ರು. ಜಾವಾಸ್ಕ್ರಿಪ್ಟ್‌ನೋರೂ ಹಾಗೇ ಮಾಡಿದ್ರು. ಆ ಬೈಪಾಸ್ ಹೆಸರು ಟೆಂಪೊರಲ್. 2025ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ 139ರಲ್ಲಿ ಬಂತು.

ಅದರಲ್ಲಿ ಪ್ಲೇನ್‌ಡೇಟ್ ಅಂತ ಇದೆ. ಗಂಟೆ ಇಲ್ಲ, ದೇಶದ ಸಮಯ ಇಲ್ಲ, ಬರೀ ದಿನ. ಕಬ್ಬಿನ ಚೀಟಿಗೆ ಬೇಕಾಗಿದ್ದು ಇದೇ. 2023-08-05 ಕೊಟ್ಟು 14 ದಿನ ಸೇರಿಸಿದ್ರೆ 2023-08-19, ಎಲ್ಲಿ ಕೂತು ಲೆಕ್ಕ ಹಾಕಿದ್ರೂ ಅಷ್ಟೇ. 05/08/2023 ಕೊಟ್ರೆ? ಊಹೆ ಮಾಡಲ್ಲ, ಎರರ್ ಕೊಟ್ಟು ನಿಲ್ಲುತ್ತೆ. ನನಗೆ ತುಂಬಾ ಹಿಡಿಸಿದ್ದು ಇದು. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನೋ ಪ್ರೋಗ್ರಾಂ, ಧೈರ್ಯವಾಗಿ ತಪ್ಪು ಹೇಳೋದಕ್ಕಿಂತ ಮೇಲು. ಅದರಲ್ಲೂ ಆ ಕಾಗದ ಹಿಡಿದು ಕೌಂಟರ್ ಮುಂದೆ ನಿಲ್ಲೋರು ಬೇರೆಯವರಾಗಿದ್ದಾಗ.

ಕೋಡ್ ಬರೆಯೋರು ನಿಮ್ಮ ಬ್ರೌಸರಲ್ಲಿ ಟೆಂಪೊರಲ್ ಇದ್ಯಾ ನೋಡ್ಕೊಂಡು ಬಳಸಿ. ತಾರೀಖನ್ನ ವರ್ಷ-ತಿಂಗಳು-ದಿನ ಕ್ರಮದಲ್ಲಿ ಇಡಿ. ಕೋಡ್ ಬರೆಯದೋರು ತಿಂಗಳನ್ನ ಅಕ್ಷರದಲ್ಲಿ ಬರೀರಿ. ನಮ್ಮ ಮಾವ ಈಗ ಪ್ರತಿ ಚೀಟಿ ಮೂಲೇಲಿ ಪೆನ್ನಲ್ಲಿ "ಆಗಸ್ಟು" ಅಂತ ಬರೆದೇ ನನಗೆ ಕೊಡೋದು. "ನಿನ್ ಕಂಪ್ಯೂಟರ್‌ಗಲ್ಲ ಕಣ್ಲಾ, ನಿಂಗೆ" ಅಂತಾರೆ.

ಮುಂದಿನ ವಾರ ಸಿಗೋಣ. ನಮಸ್ಕಾರ.